ಯಂತ್ರ ನಮ್ಮದು, ಗುಟ್ಟು ಯಾರದು?



‘ಡ್ರೈವರ್’ ಎಂದೊಡನೆ ನಮಗೆ ದುಬೈ–ಅಬುಧಾಬಿ ರಸ್ತೆಯ ಟ್ಯಾಕ್ಸಿಯವರ ನೆನಪಾಗುತ್ತದೆ. ಕಂಪ್ಯೂಟರಿನೊಳಗೂ ಒಬ್ಬ ಡ್ರೈವರ್ ಇದ್ದಾನೆ. ಕಂಪ್ಯೂಟರಿನ ಮಾತನ್ನು ಪ್ರಿಂಟರಿನಂಥ ಯಂತ್ರಗಳಿಗೆ ತಿಳಿಸುವ ದುಭಾಷಿ ಅವನು. ಈ ತಂತ್ರಾಂಶ ಬರೆಯಬೇಕಾದರೆ ಆ ಯಂತ್ರದ ಭಾಷೆ ತಿಳಿಸುವ ಕೈಪಿಡಿ ಬೇಕು.

1980ರ ದಶಕದ ಎಪ್ಸನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಪುಸ್ತಕದಲ್ಲಿ ಸಂಕೇತಗಳೆಲ್ಲ ಅಚ್ಚಾಗಿರುತ್ತಿದ್ದವು. 27, 75 ಎಂಬ ಸಂಖ್ಯೆಗಳಿಂದ ಆರಂಭಿಸಿ ಚುಕ್ಕಿಗಳ ವಿವರ ಕಳುಹಿಸಿದರೆ ಚಿತ್ರ ಮೂಡುತ್ತಿತ್ತು. ಕನ್ನಡವರಿಯದ ಯಂತ್ರದಿಂದ ಕನ್ನಡ ಬರೆಸಲು ಅಷ್ಟು ಸಾಕು. ಆದರೆ ಅನೇಕ ತಯಾರಕರು ಇಂಥ ವಿವರ ಕೇಳಿದರೆ ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಎನ್ನುತ್ತಾರೆ. ಕಷ್ಟಪಟ್ಟು ಮಾಡಿದ್ದನ್ನು ಪ್ರತಿಸ್ಪರ್ಧಿಗೆ ಏಕೆ ಕೊಡಬೇಕೆಂಬ ಅವರ ಮಾತಿನಲ್ಲೂ ನ್ಯಾಯವಿದೆ. ಬೀಗ ಮಾಡುವ ಗುಟ್ಟು ಅವರಲ್ಲೇ ಇರಲಿ. ಬೀಗ ಕೊಂಡವನಿಗೆ ಬೀಗದ ಕೈಯಾದರೂ ಬೇಡವೇ?

ಹೀಗೆ ವಾದಿಸುವ ನಾನು ಮಾಡಿದ್ದೇನು? 1990ರ ದಶಕದಲ್ಲಿ ಅಬುಧಾಬಿಯ ಒಂದು ಕಚೇರಿಯಲ್ಲಿ ಹಾಜರಿ ಯಂತ್ರಕ್ಕೆ ಡ್ರೈವರ್ ಬರೆಯಬೇಕಾಯಿತು. ಕೈಪಿಡಿ ಸಿಗಲಿಲ್ಲ. ಎಷ್ಟೋ ಶುಕ್ರವಾರಗಳನ್ನು ಕಳೆದು ಸಂಕೇತಗಳನ್ನು ಕಂಡುಹಿಡಿದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಪುತ್ತೂರು ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿ, “ಒಮ್ಮೆ ನೋಡ್ಲಿಕ್ಕೆ ಕೊಡ್ತೀರಾ ಸಾರ್?” ಎಂದ. “ಆಮೇಲೆ ನೋಡುವ ಮಾರಾಯ” ಎಂದೆ. ಅವನು ಕಲಿತರೆ ನನ್ನ ಕೆಲಸ ಹೋದೀತು, ಕೆಲಸದೊಂದಿಗೆ ವೀಸಾ, ಮಕ್ಕಳ ಶಾಲೆ ಎಲ್ಲವೂ. ಈ ಭಯ ಸುಳ್ಳೆಂದು ಕೊಲ್ಲಿಯಲ್ಲಿ ದುಡಿದವರಾರೂ ಹೇಳರು. ಅವನು ಮೂರು ತಿಂಗಳು ಒದ್ದಾಡಿ ಅದನ್ನೇ ಮತ್ತೆ ಕಂಡುಹಿಡಿದ. ಕಂಪನಿಗೆ ಬೈದ ನಾನೇ ಕಂಪನಿಯಂತೆ ನಡೆದಿದ್ದೆ.

ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಲಿನಕ್ಸ್ ಡ್ರೈವರ್ ಬರೆಯುವುದನ್ನು ಕಲಿಸುವ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಪುಸ್ತಕ 1998ರಲ್ಲಿ ಬಂತು. ಕಾರ್ಬೆಟ್, ರುಬಿನಿ, ಕ್ರೋಹ್-ಹಾರ್ಟ್‌ಮನ್ ಬರೆದ 2005ರ ಆವೃತ್ತಿಯನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಕೆಲವು ಭಾಗ ಹಳತಾಗಿದ್ದರೂ ಕಲಿಯಲು ತೊಡಗುವವರಿಗೆ ಅದು ಇಂದಿಗೂ ದಾರಿ ತೋರುತ್ತದೆ.

ಎಷ್ಟೋ ವರ್ಷಗಳ ನಂತರ ನನ್ನ ನೋಟ್‌ಬುಕ್ ಹೊರತೆಗೆದಾಗ ಆ ಯಂತ್ರವೇ ಗುಜರಿ ಸೇರಿತ್ತು. ಕಾಪಾಡಿದ ಗುಟ್ಟಿನಿಂದ ಯಾರಿಗೂ ಉಪಯೋಗವಾಗಲಿಲ್ಲ. ಹೊಟ್ಟೆಪಾಡಿನ ಭಯ ತಪ್ಪಲ್ಲ. ಆದರೆ ಅದು ಎಲ್ಲಿ ಮುಗಿದು ಜಿಪುಣತನ ಎಲ್ಲಿ ಶುರುವಾಗುತ್ತದೆ? ತಮ್ಮ ಅನುಭವವನ್ನೂ ಬರೆದು ತಿಳಿಸಿರೆಂದು ಕೋರುತ್ತೇನೆ.