ದಯೆಯೂ ಬಂಧನವೂ

ಮೈಗೆ ಜ್ವರ ಬಂದವನನ್ನು ಮಾತಾಡಿಸಿ, ಎಲ್ಲಿ ನೋವೆಂದು ಕೇಳಿ, ಅನಂತರ ಮದ್ದು ಕೊಡುವುದು ಲೋಕರೂಢಿ. ಮನಸ್ಸಿಗೆ ರೋಗ ಬಂದವನನ್ನಾದರೋ ಕೇಳುವವರೇ ವಿರಳ. ಅವನ ಕುರಿತು ಎಲ್ಲರೂ ಆಡುವರು, ಅವನೊಡನೆ ಯಾರೂ ಆಡರು. ರೋಗವು ಅವನ ಬುದ್ಧಿಯನ್ನು ಮುಸುಕಿರಬಹುದು. ಅವನ ಮನುಷ್ಯತ್ವವನ್ನೂ ಅಳಿಸಿತೇ ಎಂಬುದು ಸದ್ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಒಂದು ಒಕ್ಕಲು ಮನೆಯಲ್ಲಿ ಇಂತಹ ಸಂಕಟ ಒದಗಿತೆನ್ನೋಣ. ಪ್ರಾಯದ ಮಗನು ರಾತ್ರಿಯೆಲ್ಲ ನಿದ್ರಿಸನು, ಅನ್ನದಲ್ಲಿ ವಿಷವಿದೆಯೆಂದು ಹೆತ್ತ ತಾಯಿಯನ್ನೇ ಶಂಕಿಸುವನು, ಬಾವಿಗೆ ಬೀಳುವೆನೆನ್ನುವನು, ಆಸ್ಪತ್ರೆಗೆ ಮಾತ್ರ ಬಾರೆನೆನ್ನುವನು. ಅವನಿಚ್ಛೆಯಂತಾಗಲೆಂದು ಸುಮ್ಮನಿರುವುದು ದಯೆಯಲ್ಲ. ಆದರೆ ಮತ್ತೊಂದು ಮನೆಯಲ್ಲಿ ಹಿಸ್ಸೆ ಕೇಳಿದ ತಮ್ಮನಿಗೆ, ಎದುರಾಡಿದ ಸೊಸೆಗೆ ಹುಚ್ಚಿನ ಹೆಸರು ಕಟ್ಟುವುದೂ ಉಂಟು. ಎರಡು ಮನೆಯವರೂ ಹೇಳುವ ಮಾತು ಒಂದೇ: ಎಲ್ಲವೂ ರೋಗಿಯ ಹಿತಕ್ಕಾಗಿ. ಇದರೊಳಗಿನ ದಯೆಯನ್ನೂ ಸ್ವಾರ್ಥವನ್ನೂ ಬೇರ್ಪಡಿಸುವುದೆಂತು?

ಅದಕ್ಕೆಂದೇ ಕಾನೂನು ಕೆಲವು ಕಟ್ಟಳೆಗಳನ್ನಿಟ್ಟಿದೆ. 1912ರ ಲೂನಸಿ ಕಾಯಿದೆಯ ಲಕ್ಷ್ಯ ಹೆಚ್ಚಾಗಿ ಕಾವಲಿನ ಮೇಲಿತ್ತು. ಅದರ ಸ್ಥಾನದಲ್ಲಿ 1987ರ ಕಾಯಿದೆ ಬಂದಿತು. ಅದನ್ನೂ ತೆಗೆದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು 2018ರ ಮೇ 29ರಿಂದ ಜಾರಿಗೆ ತರಲಾಯಿತು. ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಾಗಲಿ, ಬೆಂಗಳೂರಿನ ನಿಮ್ಹಾನ್ಸ್ ಆಗಲಿ, ನಿಯಮ ಒಂದೇ. ಒಪ್ಪದ ರೋಗಿಯನ್ನು ಸೇರಿಸಿಕೊಳ್ಳಲು ಮನೆಯವರ ಹೇಳಿಕೆಯೊಂದೇ ಸಾಲದು. ಮನೋರೋಗ ತಜ್ಞರೊಬ್ಬರೂ ಮತ್ತೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅವನು ತನಗೆ ಹಾನಿ ಮಾಡಿಕೊಳ್ಳುವನೇ, ಪರರ ಮೇಲೆ ಬೀಳುವನೇ, ತನ್ನನ್ನು ನೋಡಿಕೊಳ್ಳಲಾರದೆ ಗಂಡಾಂತರದಲ್ಲಿರುವನೇ ಎಂಬುದನ್ನು ನಿಶ್ಚಯಿಸಬೇಕು. ಇದಕ್ಕಿಂತ ಮೃದುವಾದ ದಾರಿಯಿಲ್ಲವೆಂಬುದೂ ಮನಗಾಣಬೇಕು. ಮೊದಲ ಅವಧಿ 30 ದಿನಗಳನ್ನು ಮೀರುವಂತಿಲ್ಲ. ಕಾರಣ ತೀರಿದರೆ ಅದಕ್ಕೂ ಮುನ್ನವೇ ಬಿಡಬೇಕು. ರೋಗಿ ಸ್ತ್ರೀಯಾದರೆ 3 ದಿನಗಳಲ್ಲಿ, ಪುರುಷನಾದರೆ 7 ದಿನಗಳಲ್ಲಿ ಪುನರ್ವಿಮರ್ಶಾ ಮಂಡಳಿಗೆ ವರದಿ ಹೋಗಬೇಕು. ರೋಗಿಯೇ ಆ ಮಂಡಳಿಗೆ ಮೊರೆಯಿಡಬಹುದು. 7 ದಿನಗಳಲ್ಲಿ ತೀರ್ಮಾನವಾಗಬೇಕು. ಅದಕ್ಕೆ ವಕೀಲರ ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು.

ಬುದ್ಧಿ ಕೆಟ್ಟವನ ಮಾತಿಗೆ ಬೆಲೆಯೇನೆಂದು ಕೆಲವರು ಆಕ್ಷೇಪಿಸುವರು. ಅನ್ನದಲ್ಲಿ ವಿಷವಿದೆಯೆಂದು ಭ್ರಮಿಸಿದವನು, ಔಷಧದಿಂದ ನಾಲಗೆ ಬಿಗಿಯುತ್ತಿದೆಯೆಂದು ಹೇಳಿದರೆ ಅದು ನಿಜವಾಗಿರಬಹುದು. ತನ್ನ ಹೊಲವನ್ನು ಮಾರಬೇಡಿರೆಂದರೆ ಅದು ನ್ಯಾಯವಾಗಿಯೂ ಇರಬಹುದು. ಒಂದು ವಿಷಯದಲ್ಲಿ ಮರೆಯಾದ ವಿವೇಕವು ಮತ್ತೊಂದರಲ್ಲಿ ಬೆಳಗುತ್ತಿರುವುದುಂಟು. ಇಂದು ಇಲ್ಲದ್ದು ವಾರ ಕಳೆದ ಮೇಲೆ ಮರಳುವುದುಂಟು. ಆದುದರಿಂದಲೇ ರೋಗಿಯು ತಾನೇ ಸಮ್ಮತಿ ಕೊಡಬಲ್ಲನೇ ಎಂಬುದನ್ನು 7 ದಿನಗಳಿಗೊಮ್ಮೆ ಮರಳಿ ನೋಡಬೇಕೆಂದು ಕಾಯಿದೆ ವಿಧಿಸಿದೆ.

ಲೋಕದ ನಡೆಗೆ ಹೊಂದದಿರುವುದೇ ರೋಗವಲ್ಲವೆಂಬುದನ್ನೂ ಈ ಕಾಯಿದೆ ಸ್ಪಷ್ಟವಾಗಿ ಒಪ್ಪಿದೆ. ಶರಣರ ಪರಂಪರೆಗೆ ಇದು ಹೊಸತಲ್ಲ. ಅರಮನೆಯನ್ನು ತೊರೆದು ಕಲ್ಯಾಣಕ್ಕೆ ನಡೆದ ಅಕ್ಕಮಹಾದೇವಿಯು ಲೋಕದ ಕಣ್ಣಿಗೆ ಮರುಳೆಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿಯೇ ಪ್ರಶ್ನಿಸಿದರೆಂದು ಪರಂಪರೆ ಹೇಳುತ್ತದೆ. ಆದರೆ ಪ್ರಶ್ನಿಸಿ, ಉತ್ತರವನ್ನು ಕೇಳಿದರು; ಕೇಳದೆ ನಿರ್ಣಯಿಸಲಿಲ್ಲ.

ಗೃಹಸ್ಥರು ಮಾಡಬೇಕಾದುದೂ ಇಷ್ಟೇ. ಮನಸ್ಸು ನೆಟ್ಟಗಿರುವಾಗಲೇ ತನಗೆ ಇಂತಹ ಕಾಲ ಬಂದರೆ ತನ್ನ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಪ್ರಾಪ್ತ ವಯಸ್ಕರಾದ ಯಾರೇ ಆಗಲಿ ಬರೆದಿಡಬಹುದು. ಬಿಳಿಯ ಹಾಳೆಯ ಮೇಲೆ ರುಜುವೋ ಹೆಬ್ಬೆಟ್ಟಿನ ಗುರುತೋ ಸಾಕು. ಮನೆಯಲ್ಲಿ ರೋಗ ಕಂಡರೆ ಬೇಗ ವೈದ್ಯರಲ್ಲಿಗೆ ಒಯ್ಯಬೇಕು. ಸರಪಳಿ ಹಾಕಕೂಡದು, ಯಾವ ರೂಪದಲ್ಲಿಯೂ ಅದನ್ನು ಕಾಯಿದೆ ನಿಷೇಧಿಸಿದೆ. ಬಲವಂತವು ಅನಿವಾರ್ಯವಾದರೆ, ಅದು ಪ್ರಾಣ ಉಳಿಸುವಷ್ಟೇ ಇರಲಿ, ಪರರ ಪರೀಕ್ಷೆಗೆ ತೆರೆದಿರಲಿ.

ನಿಜವಾದ ದಯೆಯು ಇಂತಹ ವಿಚಾರಣೆಗೆ ಅಂಜುವುದಿಲ್ಲ. ಮಗನನ್ನು ಬಾವಿಯಿಂದ ಉಳಿಸಿದ ತಾಯಿಯು ಮಂಡಳಿಯ ಮುಂದೆ ನಿಂತು ಉತ್ತರ ಹೇಳಬಲ್ಲಳು. ಹಿಸ್ಸೆಗಾಗಿ ತಮ್ಮನನ್ನು ಕೂಡಿಹಾಕಿಸಿದವನಿಗೆ ಆ ಧೈರ್ಯವೆಲ್ಲಿಯದು?