ದುಬೈಯ ದುಡ್ಡು, ಮಾನ್ವಿಯ ಲೆಕ್ಕ

ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಗಲ್ಫಿಗೆ ಹೋಗಿ ದುಡಿದು ಮನೆಗೆ ಹಣ ಕಳುಹಿಸುವವರು ನಿಮಗೆ ಗೊತ್ತು. ಈಗ ಇನ್ನೊಂದು ಬಗೆಯ ದುಡಿಮೆ ಬಂದಿದೆ: ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ದುಬೈಯ ಅಥವಾ ಲಂಡನ್ನಿನ ಕಂಪೆನಿಗೆ ಕೆಲಸ ಮಾಡಿಕೊಡುವುದು. ಕೆಲಸ ಒಳ್ಳೆಯದಾದರೆ ಸಂಪಾದನೆ ಹಲಾಲ್, ಸಂದೇಹವಿಲ್ಲ. ಆದರೆ ಹಣ ಬ್ಯಾಂಕಿಗೆ ಬಂದಾಗ ‘ಕುಟುಂಬ ನಿರ್ವಹಣೆಗಾಗಿ’ ಎಂದು ಬರೆಸುವವರಿದ್ದಾರೆ. ಕೇಳಿದರೆ, “ಹೊರದೇಶದ ದುಡ್ಡಿಗೆ ಇಲ್ಲಿ ಎಂಥ ತೆರಿಗೆ?” ಎನ್ನುತ್ತಾರೆ.

ಕಾನೂನು ಹಾಗಿಲ್ಲ. ಆರ್ಥಿಕ ವರ್ಷವೊಂದರಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವನು ಇಲ್ಲಿನ ನಿವಾಸಿ. ಹಣ ಯಾವ ದೇಶದಿಂದ ಬಂದರೂ ಅವನು ಸಾಮಾನ್ಯವಾಗಿ ಅದನ್ನು ಇಲ್ಲಿ ತೋರಿಸಲೇಬೇಕು. ಆ ದೇಶದಲ್ಲಿ ತೆರಿಗೆ ಹಿಡಿದಿದ್ದರೆ ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳುವ ದಾರಿಯೂ ಇದೆ. ವರ್ಷವಿಡೀ ಜಿದ್ದಾದಲ್ಲಿ ದುಡಿಯುವ ಅಣ್ಣನ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ನಿಜ. ಮಾನ್ವಿಯಲ್ಲಿ ಕುಳಿತು ದುಡಿಯುವ ತಮ್ಮನಿಗೆ ಆ ವಿನಾಯಿತಿ ಸಲ್ಲದು.

ಸೋಜಿಗವೆಂದರೆ, 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ವಿವರ ಸಲ್ಲಿಸಿದರಾಯಿತು. ಕಟ್ಟಬೇಕಾದುದು ಏನೂ ಇಲ್ಲದವನೂ ಸುಳ್ಳು ಬರೆಸುವುದೇಕೆ? ಯಾವುದು ಮನಸ್ಸನ್ನು ಚುಚ್ಚುತ್ತದೋ, ಯಾವುದು ಜನರಿಗೆ ತಿಳಿಯಬಾರದೆಂದು ನೀವು ಬಯಸುತ್ತೀರೋ ಅದು ಪಾಪವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆ ಒಂದು ಸಾಲು ಬರೆಸುವಾಗ ಮನಸ್ಸು ಚುಚ್ಚುವುದಿಲ್ಲವೇ?

“ನಾನು ಝಕಾತ್ ಕೊಡುತ್ತೇನಲ್ಲ” ಎನ್ನುವವರೂ ಇದ್ದಾರೆ. ಝಕಾತ್ ಆರಾಧನೆ. ಅದನ್ನು ಪಡೆಯತಕ್ಕ ಎಂಟು ವರ್ಗಗಳನ್ನು ಅತ್ತೌಬಃ ಅಧ್ಯಾಯದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ತೆರಿಗೆ ನಾವು ಬಾಳುವ ನಾಡಿನೊಂದಿಗಿನ ಕರಾರು. ಒಂದನ್ನು ಕೊಟ್ಟರೆ ಇನ್ನೊಂದು ತೀರದು. ಅಲ್‌ಮಾಇದಃ ಅಧ್ಯಾಯ ಆರಂಭವಾಗುವುದೇ ಕರಾರುಗಳನ್ನು ಪೂರೈಸಬೇಕೆಂಬ ಆಜ್ಞೆಯಿಂದ.

ಸರಕಾರ ದುಂದುವೆಚ್ಚ ಮಾಡುತ್ತದೆಯೆಂಬ ದೂರಿನಲ್ಲಿ ಹುರುಳಿರಬಹುದು. ಪ್ರಶ್ನಿಸೋಣ. ಆದರೆ ಮಾನ್ವಿಯ ಗದ್ದೆಗೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಹೊಲಗಳಿಗೆ ಹರಿಯುವ ನಾರಾಯಣಪುರ ಬಲದಂಡೆ ಕಾಲುವೆ, ರಾಯಚೂರಿನ ರಿಮ್ಸ್ ಆಸ್ಪತ್ರೆ ಯಾರ ಹಣದಿಂದಾದವು? ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವ ಕೂಲಿಕಾರ ತಾನು ಕೊಳ್ಳುವ ಚಪ್ಪಲಿಗೂ ಜಿಎಸ್‌ಟಿ ಕೊಡುತ್ತಾನೆ. ಬಚ್ಚಿಡುವ ಅವಕಾಶವೇ ಅವನಿಗಿಲ್ಲ. ಡಾಲರಿನಲ್ಲಿ ಗಳಿಸುವವನು ಬಚ್ಚಿಟ್ಟರೆ ಹೊರೆ ಯಾರ ಹೆಗಲಿಗೆ ಬೀಳುತ್ತದೆ, ನೀವೇ ಯೋಚಿಸಿ.

ಕಾನೂನೇ ಕೊಟ್ಟ ರಿಯಾಯಿತಿಗಳನ್ನು ಧಾರಾಳವಾಗಿ ಬಳಸಿಕೊಳ್ಳಿ, ಅದರಲ್ಲಿ ದೋಷವಿಲ್ಲ. ಹಿಂದಿನ ವರ್ಷಗಳ ತೆರಿಗೆ ಬಾಕಿಯಿದ್ದರೆ ಲೆಕ್ಕಪರಿಶೋಧಕರನ್ನು ಕಾಣಿರಿ. 2025ರ ತಿದ್ದುಪಡಿಯ ನಂತರ ನವೀಕೃತ ವಿವರ (ಅಪ್‌ಡೇಟೆಡ್ ರಿಟರ್ನ್) ಸಲ್ಲಿಸಲು ನಾಲ್ಕು ವರ್ಷಗಳವರೆಗೆ ಅವಕಾಶವಿದೆ. ತಡವಾದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ.