ನಾಯಿ ಯಾರದು, ಹೊಣೆ ಯಾರದು?

ನಿಮ್ಮ ಒಂದು ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ನೋಡಿಕೊಳ್ಳಲು ತಿಂಗಳಿಗಿಷ್ಟು ಎಂದು ಹಣವನ್ನೂ ಕೊಡುತ್ತೀರಿ. ಅದಕ್ಕೆ ಹಾನಿಯಾದರೆ ಕೇಳುವ ಹಕ್ಕು ನಿಮ್ಮದು, ಉತ್ತರಿಸುವ ಹೊಣೆ ಅವರದು. ಇದು ಅಮಾನತಿನ ಸರಳ ಪಾಠ. ಆದರೆ ಆ ವಸ್ತುವಿಗೆ ಜೀವವಿದ್ದರೆ? ಅದಕ್ಕೆ ಹಸಿವು, ನೋವು, ಮುಪ್ಪು ಇದ್ದರೆ? ಆಗಲೂ ಲೆಕ್ಕ ನಿಮ್ಮಿಬ್ಬರ ನಡುವೆಯೇ ಮುಗಿಯುತ್ತದೆಯೇ?

ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಬಹುದೂರದ ಒಂದು ವ್ಯವಹಾರವನ್ನು ಎತ್ತಿಕೊಳ್ಳುತ್ತೇನೆ: ಬ್ರಿಟನ್ನಿನ ಗ್ರೇಹೌಂಡ್ ನಾಯಿಗಳ ಓಟ. ಅದು ಜೂಜಿನ ಮೇಲೆ ನಿಂತ ಆಟ. ಅದರ ಗಳಿಕೆ ನಮಗೆ ಹರಾಮ್ ಎಂಬುದರಲ್ಲಿ ಚರ್ಚೆಯಿಲ್ಲ. ಆದರೆ ಒಂದು ಜೀವದ ಹೊಣೆಯನ್ನು ಇಬ್ಬರು ಹಂಚಿಕೊಂಡಾಗ ಏನಾಗುತ್ತದೆ ಎಂಬುದು ಅಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಅಪರೂಪ.

1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ, ಯಂತ್ರದ ಮೊಲವನ್ನು ಅಟ್ಟಿಸಿಕೊಂಡು ನಾಯಿಗಳು ಓಡುವ ಈ ಆಟ ಆ ದೇಶದಲ್ಲಿ ಆರಂಭವಾಯಿತು. ಆ ಮೈದಾನ 2020ರಲ್ಲಿ ಮುಚ್ಚಿತು, ಆಟ ಮುಚ್ಚಲಿಲ್ಲ. ನಾಯಿಯ ಒಡೆಯ ಅಲ್ಲಿ ಸಾಮಾನ್ಯವಾಗಿ ನಾಯಿಯನ್ನು ಮನೆಯಲ್ಲಿ ಸಾಕುವುದಿಲ್ಲ. ಅದು ಪರವಾನಗಿ ಪಡೆದ ತರಬೇತುದಾರನ ಕೆನಲ್‌ನಲ್ಲಿ ಬೆಳೆಯುತ್ತದೆ. ಆಹಾರ, ವ್ಯಾಯಾಮ, ಗಾಯದ ಆರೈಕೆ ಎಲ್ಲವೂ ತರಬೇತುದಾರನ ಕೈಯಲ್ಲಿ. ಒಡೆಯನಿಗೆ ತಲುಪುವುದು ಖರ್ಚಿನ ಬಿಲ್ಲು. ಹಲವರು ಕೂಡಿ ಒಂದೇ ನಾಯಿಯನ್ನು ಕೊಳ್ಳುವುದೂ ಉಂಟು. ನಾಯಿಯ ಕಾಲು ಅಥವಾ ಬಾಲ ಯಾರ ಪಾಲಿಗೆ ಎಂದು ಅವರು ಕೇಳಿಕೊಳ್ಳುವುದಿಲ್ಲವಷ್ಟೆ!

ಇಲ್ಲಿ ಒಡೆಯನಿಗೆ ಕಾಣದ್ದೆಲ್ಲ ತರಬೇತುದಾರನಿಗೆ ಗೊತ್ತು. ನಾಯಿ ನಿನ್ನೆ ಉಣ್ಣಲಿಲ್ಲ, ಹಿಂಗಾಲಿನಲ್ಲಿ ಸಣ್ಣ ಊತವಿದೆ ಎಂಬ ಸುದ್ದಿಯನ್ನು ಅವನು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಪಣ ಕಟ್ಟುವವರ ನಡುವೆ ಆ ಸುದ್ದಿಗೇ ಬೆಲೆ. ಅದಕ್ಕಾಗಿಯೇ ಓಟಕ್ಕೆ ಮುನ್ನ ನಾಯಿಯನ್ನು ತೂಗುತ್ತಾರೆ. ಹಿಂದಿನ ಓಟದ ತೂಕಕ್ಕೂ ಇಂದಿನದಕ್ಕೂ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಓಡಲು ಬಿಡುವುದಿಲ್ಲ. ತಕ್ಕಡಿ ಮೋಸವನ್ನು ಸ್ವಲ್ಪ ಹಿಡಿಯುತ್ತದೆ. ಆದರೆ 'ನಿಮ್ಮ ನಾಯಿ ಇವತ್ತು ಓಡಬಾರದು' ಎಂದು ಒಡೆಯನ ಮುಖಕ್ಕೆ ಹೇಳುವ ಧೈರ್ಯವನ್ನು ಯಾವ ತಕ್ಕಡಿ ತೂಗೀತು? ಆ ಒಂದು ಮಾತಿನಿಂದ ಒಡೆಯನಿಗೆ ಬಹುಮಾನದ ಆಸೆ ಹೋಗುತ್ತದೆ, ತರಬೇತುದಾರನಿಗೆ ಒಡೆಯನೇ ಕೈತಪ್ಪಬಹುದು. ಹೇಳದಿದ್ದರೆ ನಷ್ಟವಾಗುವುದು ನಾಯಿಗೆ ಮಾತ್ರ. ನನ್ನ ದೃಷ್ಟಿಯಲ್ಲಿ ಈ ವ್ಯವಹಾರದ ಪ್ರಾಮಾಣಿಕತೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ಅದನ್ನು ಕೇಳಿಯೂ ಮುಖ ಸಿಂಡರಿಸದ ಒಡೆಯನದೂ ಅದರಲ್ಲಿ ಅರ್ಧ ಪಾಲು.

ಇನ್ನೂ ಕಠಿಣವಾದದ್ದು ಓಟ ಮುಗಿದ ಮೇಲಿನ ಕಾಲ. ಗ್ರೇಹೌಂಡ್ ಹತ್ತು ಹನ್ನೆರಡು ವರ್ಷ ಬದುಕಬಲ್ಲದು. ಓಡುವುದು ಹೆಚ್ಚೆಂದರೆ ನಾಲ್ಕೈದನೆಯ ವಯಸ್ಸಿನವರೆಗೆ. ಉಳಿದ ಅರ್ಧ ಆಯುಸ್ಸು ಯಾರ ಲೆಕ್ಕಕ್ಕೆ? ಇನ್ನು ಗೆಲ್ಲದ ನಾಯಿಗೆ ಏಕೆ ಹಣ ಕಟ್ಟಲಿ ಎನ್ನುತ್ತಾನೆ ಒಡೆಯ. ನಾಯಿ ನನ್ನದಲ್ಲ, ಹಣ ಬಾರದಿದ್ದರೆ ಗೂಡು ಖಾಲಿಯಾಗಬೇಕು ಎನ್ನುತ್ತಾನೆ ತರಬೇತುದಾರ. ಕಾಗದದ ಪ್ರಕಾರ ಇಬ್ಬರ ಮಾತೂ ಸರಿ.

ಆ ಎರಡು ಸರಿಗಳ ನಡುವೆ ಏನು ಬೆಳೆಯಿತು ನೋಡಿ. ಇಂಗ್ಲೆಂಡಿನ ಈಶಾನ್ಯ ಕಡಲತೀರದ ಸೀಹ್ಯಾಮ್ ಎಂಬ ಊರಿನಲ್ಲಿ ಒಬ್ಬಾತ ತಲಾ ಹತ್ತು ಪೌಂಡ್ ಪಡೆದು ಓಟಕ್ಕೆ ಬೇಡವಾದ ಗ್ರೇಹೌಂಡ್‌ಗಳನ್ನು ಕೊಂದು ತನ್ನ ಜಮೀನಿನಲ್ಲಿ ಹೂಳುತ್ತಿದ್ದ. 2006ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದು, ಹದಿನೈದು ವರ್ಷಗಳಲ್ಲಿ ಹೀಗೆ ಸತ್ತವು ಹತ್ತು ಸಾವಿರದಷ್ಟು ಎಂದು ಬರೆಯಿತು. ಮರುವರ್ಷ ನ್ಯಾಯಾಲಯ ಆತನಿಗೆ 2,000 ಪೌಂಡ್ ದಂಡ ಹಾಕಿತು. ಕೊಂದದ್ದಕ್ಕಲ್ಲ, ಪರವಾನಗಿಯಿಲ್ಲದೆ ತ್ಯಾಜ್ಯವನ್ನು ಹೂತದ್ದಕ್ಕೆ. ನಾಯಿ ಎಂಬ ಜೀವ ಕಾನೂನಿನ ಹಾಳೆಯ ಮೇಲೆ ಕಸವಾಗಿತ್ತು. ಹತ್ತು ಪೌಂಡ್ ಕೊಟ್ಟು ಒಪ್ಪಿಸಿ ಮನೆಗೆ ಮರಳಿದವರೋ? ಕೈಗೆ ರಕ್ತ ಹತ್ತಿರಲಿಲ್ಲ.

ಓಟದ ನಾಯಿಗಳ ಕಿವಿಯೊಳಗೆ ಹಚ್ಚೆ ಹಾಕಿ ಗುರುತು ಬರೆದಿರುತ್ತಾರೆ. ಅದನ್ನು ಓದಿದರೆ ಅದು ಯಾವ ನಾಯಿ, ಯಾರ ಹೆಸರಿನಲ್ಲಿದೆ ಎಂದು ಪತ್ತೆಹಚ್ಚಬಹುದು. 2004ರಲ್ಲಿ ದಕ್ಷಿಣ ವೇಲ್ಸ್‌ನ ಬೆಟ್ಟವೊಂದರಲ್ಲಿ ಸಿಕ್ಕಿದ ಗ್ರೇಹೌಂಡಿನ ಎರಡೂ ಕಿವಿಗಳನ್ನು ಕತ್ತರಿಸಲಾಗಿತ್ತು. ಒಬ್ಬ ಮನುಷ್ಯ ಅಷ್ಟರಮಟ್ಟಿಗೆ ಅಳಿಸಲು ಬಯಸಿದ್ದು ನಾಯಿಯ ಹೆಸರನ್ನಲ್ಲ, 'ಇದು ಯಾರದು?' ಎಂಬ ಪ್ರಶ್ನೆಗಿದ್ದ ಉತ್ತರವನ್ನು.

ಆ ಪ್ರಶ್ನೆಯನ್ನು ನಾವು ಬಲ್ಲೆವು. ಪ್ರವಾದಿವರ್ಯರು(ಸ) ಮದೀನಾದ ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರು ಸುರಿಸಿತೆಂಬ ವರದಿಯನ್ನು ನೀವು ಕೇಳಿರಬಹುದು. ಅವರು ಅದರ ತಲೆ ಸವರಿ ಸಂತೈಸಿದರು. ಅನಂತರ ಕೇಳಿದ್ದು ಅದರ ಒಡೆಯ ಯಾರೆಂದು. ಮುಂದೆ ಬಂದ ಯುವಕನಿಗೆ, ಅಲ್ಲಾಹನು ನಿನಗೆ ಒಡೆತನ ಕೊಟ್ಟ ಈ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡುವುದಿಲ್ಲವೇ ಎಂದು ಎಚ್ಚರಿಸಿದರು. ಅದನ್ನು ದಿನವೂ ಮೇಯಿಸುತ್ತಿದ್ದವರು ಯಾರೇ ಇರಲಿ, ಪ್ರಶ್ನೆ ಹೋಗಿ ನಿಂತದ್ದು ಒಡೆಯನ ಮುಂದೆ.

ಒಂಟೆಯ ಮಾತು ಬೇರೆ, ಇದು ನಾಯಿ ಎನ್ನುವಿರಾ? ನಾಯಿ ಬಾಯಿಟ್ಟ ಪಾತ್ರೆಯನ್ನು ಏಳು ಬಾರಿ ತೊಳೆಯುವ ನಮ್ಮ ಕಡಲತೀರದ ಶಾಫಿಈ ಮನೆಗಳಲ್ಲೇ, ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ಮೊಗೆದುಕೊಟ್ಟು ಕ್ಷಮೆ ಪಡೆದವನ ಕಥೆಯನ್ನೂ ಮಕ್ಕಳಿಗೆ ಹೇಳುತ್ತೇವೆ. ಎಂಜಲಿಗೆ ಒಂದು ವಿಧಿ, ಹಸಿವಿಗೆ ಇನ್ನೊಂದು. ಎರಡನ್ನೂ ಬೆರೆಸುವುದು ಅಜ್ಞಾನ.

ಹಾಗಾದರೆ ಇಬ್ಬರಲ್ಲಿ ಹೊಣೆ ಎಷ್ಟೆಷ್ಟು? ಖರ್ಚನ್ನು ಅರ್ಧರ್ಧ ಹಂಚಬಹುದು. ಜೀವದ ಹೊಣೆಯನ್ನು ಹಾಗೆ ಹಂಚಲಾಗದು ಎಂದು ನನಗನಿಸುತ್ತದೆ. ಒಬ್ಬ ಕೈಬಿಟ್ಟ ಕ್ಷಣ ಅದು ಪೂರ್ತಿಯಾಗಿ ಇನ್ನೊಬ್ಬನ ಮೇಲೆ ಬೀಳುತ್ತದೆ. ಕೈಬಿಟ್ಟವನ ಮೇಲಿಂದಲೂ ಇಳಿಯುವುದಿಲ್ಲ. ತರಬೇತುದಾರನಿಗೆ ಇದು ಅನ್ಯಾಯವೆಂದು ಕಾಣಬಹುದು. ಹಣ ಬಾರದೆ ಐವತ್ತು ನಾಯಿಗಳಿಗೆ ಉಣಿಸುವುದು ಸುಲಭವೇ? ಸುಲಭವಲ್ಲ. ಅದಕ್ಕೇ ಕೊನೆಯ ಮಾತನ್ನು ಮೊದಲ ದಿನವೇ ಆಡಬೇಕಾಗುತ್ತದೆ. ಬ್ರಿಟನ್ನಿನವರು ತಡವಾಗಿಯಾದರೂ 2020ರಲ್ಲಿ ಇಂಥದೊಂದು ಏರ್ಪಾಡು ತಂದರು: ಓಟದ ನಾಯಿಯೊಂದರ ನೋಂದಣಿಯಾಗುವಾಗಲೇ 400 ಪೌಂಡ್ ಠೇವಣಿ, ಅದರಲ್ಲಿ ಅರ್ಧ ಒಡೆಯನದು, ಅರ್ಧ ಆಟದ ಮಂಡಳಿಯದು. ಓಟ ನಿಲ್ಲಿಸಿದ ನಾಯಿಗೆ ಹೊಸ ಮನೆ ಹುಡುಕಲು ಆ ಹಣ. ಠೇವಣಿ ಇಟ್ಟವನ ಮನಸ್ಸು ಅಲ್ಲಿಗೇ ಹಗುರವಾಗಬೇಕೇ? ನಾನಾದರೆ ಆ ನಾಯಿ ಯಾರ ಮನೆ ಸೇರಿತೆಂದು ವಿಚಾರಿಸುತ್ತಿದ್ದೆ.

ನಮ್ಮಲ್ಲಿ ನಾಯಿಯ ಓಟ ಇಲ್ಲದಿರಬಹುದು. ಆಡು, ಕುರಿ, ಹಸುಗಳನ್ನು ಪಾಲಿಗೆ ಕೊಟ್ಟು ಸಾಕಿಸುವ ಪದ್ಧತಿ ಇದೆ. ಪೇಟೆಯಲ್ಲಿರುವವನ ಆಡು ಹಳ್ಳಿಯ ಬಡವನೊಬ್ಬನ ಕೊಟ್ಟಿಗೆಯಲ್ಲಿ ಬೆಳೆಯುತ್ತದೆ. ಹುಟ್ಟುವ ಮರಿಗಳನ್ನು ಹೇಗೆ ಹಂಚಬೇಕೆಂದು ಎರಡು ಕಡೆಯವರೂ ಎಳೆಎಳೆಯಾಗಿ ಮಾತಾಡಿಕೊಂಡಿರುತ್ತಾರೆ. ಮಳೆಗಾಲದ ಒಂದು ದಿನ ಆಡು ಜಾರಿಬಿದ್ದು ಕಾಲು ಮುರಿದುಕೊಂಡರೆ, ದನದ ಡಾಕ್ಟರರಿಗೆ ಹಣ ಕೊಡುವವರು ಯಾರೆಂದು ನೀವು ಮಾತಾಡಿಕೊಂಡಿದ್ದೀರಾ?